ರೋಬೋಕಾಪ್ ಗೇಮ್ ನಿಜಕ್ಕೂ ಚೆನ್ನಾಗಿದೆಯಾ, ಇಲ್ಲಾ ನಮ್ಮ ನಿರೀಕ್ಷೆಯೇ ಕಡಿಮೆ ಇತ್ತಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ಚಿಕ್ಕವನಿದ್ದಾಗ ಕೇಬಲ್ ಟಿವಿಯಲ್ಲಿ ರೋಬೋಕಾಪ್ ಸಿನಿಮಾ (ಸತ್ತ ಪೊಲೀಸನನ್ನು ಅರ್ಧ ಯಂತ್ರವಾಗಿಸಿ ಮತ್ತೆ ಡ್ಯೂಟಿಗೆ ಇಳಿಸೋ ಕಥೆ) ನೋಡಿ ಹುಚ್ಚು ಹಿಡಿಸಿಕೊಂಡವನು ನಾನು. ಈಚೆಗೆ 'ರೋಬೋಕಾಪ್: ರೋಗ್ ಸಿಟಿ' ಗೇಮ್ ಸೇಲ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು. ಸಿನಿಮಾ ಹೆಸರಲ್ಲಿ ಬರೋ ಗೇಮ್ ಅಂದ್ರೆ ಡಬ್ಬಾ ಅಂದುಕೊಂಡೇ ಶುರು ಮಾಡಿದೆ. ಮುಗಿಸೋವರೆಗೂ ಬಿಡೋಕಾಗಲಿಲ್ಲ. ಗೆಳೆಯರು 'ನಿನಗೆ ಹಳೇ ನೆನಪು, ಅದಕ್ಕೇ ಇಷ್ಟ ಆಗಿದೆ' ಅಂತ ನಗ್ತಾರೆ. ಗೇಮ್ ನಿಜವಾಗ್ಲೂ ಚೆನ್ನಾಗಿದೆಯಾ, ಅಥವಾ ಏನೂ ನಿರೀಕ್ಷೆ ಇಲ್ಲದೆ ಆಡಿದ್ದಕ್ಕೆ ಹಾಗನ್ನಿಸಿತಾ? ಇಂಥ ಬೇರೆ ಗೇಮ್‌ಗಳು ಇವೆಯಾ? ಇದರ ಮುಂದಿನ ಕಥೆ 'ಅನ್‌ಫಿನಿಶ್ಡ್ ಬಿಸಿನೆಸ್' ತಗೊಳ್ಳಬಹುದಾ?

ಉತ್ತರ:

ನಿಮ್ಮ ಗೆಳೆಯರ ಮಾತಲ್ಲಿ ಸ್ವಲ್ಪ ನಿಜ ಇದೆ. ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗೋಣ.

2023ರ ನವೆಂಬರ್‌ನಲ್ಲಿ ಈ ಗೇಮ್ ಬಂದಾಗ ಯಾರೂ ಅದಕ್ಕಾಗಿ ಕಾದು ಕೂತಿರಲಿಲ್ಲ. ಸಿನಿಮಾ ಗೇಮ್‌ಗಳಿಗೆ ಇರುವ ಕೆಟ್ಟ ಹೆಸರು ಒಂದು ಕಾರಣ. ಮಾಡಿದವರ ಹಿಂದಿನ ಕೆಲಸ ಇನ್ನೊಂದು ಕಾರಣ. ಟೆಯೋನ್ ಅನ್ನುವ ಪೋಲೆಂಡಿನ ಸ್ಟುಡಿಯೋ ಇದನ್ನು ಮಾಡಿದ್ದು. ಇದೇ ಸ್ಟುಡಿಯೋ 2014ರಲ್ಲಿ ರ‍್ಯಾಂಬೋ ಸಿನಿಮಾಗಳನ್ನು ಹಿಡಿದು ಒಂದು ಗೇಮ್ ಮಾಡಿತ್ತು. ಅದರಲ್ಲಿ ನಾವು ನಮ್ಮಿಷ್ಟಕ್ಕೆ ನಡೆಯುವ ಹಾಗೇ ಇಲ್ಲ. ಕ್ಯಾಮೆರಾ ತನ್ನ ಪಾಡಿಗೆ ಸಾಗುತ್ತದೆ, ಎದುರಿಗೆ ಬಂದವರಿಗೆ ಗುಂಡು ಹೊಡೆಯಬೇಕು, ನಡುನಡುವೆ ತೆರೆಯ ಮೇಲೆ ಕಾಣಿಸುವ ಬಟನ್ ಟಕ್ಕಂತ ಒತ್ತಬೇಕು. ಸಿನಿಮಾದ ದೃಶ್ಯಗಳನ್ನೇ ಒಂದರ ಹಿಂದೆ ಒಂದು ಪೋಣಿಸಿದ್ದರು. ವಿಮರ್ಶಕರು ಅದನ್ನು ಹರಿದು ಹಾಕಿದರು. ಹರಿಯುವ ಹಾಗೇ ಇತ್ತು ಬಿಡಿ.

2019ರಲ್ಲಿ ಇವರೇ 'ಟರ್ಮಿನೇಟರ್: ರೆಸಿಸ್ಟೆನ್ಸ್' ತಂದರು. ವಿಮರ್ಶಕರಿಗೆ ಅದೂ ಹಿಡಿಸಲಿಲ್ಲ, ಆದರೆ ದುಡ್ಡು ಕೊಟ್ಟು ಆಡಿದವರು ಮೆಚ್ಚಿದರು. ಅದರಲ್ಲಿ ಸಿನಿಮಾದ ಕಥೆ ಮತ್ತೆ ಹೇಳುವ ಗೋಜು ಇರಲಿಲ್ಲ. ಸಿನಿಮಾದಲ್ಲಿ ಅಲ್ಲಲ್ಲಿ ಮಾತ್ರ ಕಂಡ, ಮನುಷ್ಯರಿಗೂ ಯಂತ್ರಗಳಿಗೂ ನಡೆಯುವ ಮುಂದಿನ ಕಾಲದ ಯುದ್ಧದೊಳಗೆ ನಮ್ಮನ್ನು ಬಿಟ್ಟುಬಿಟ್ಟಿದ್ದರು. ಯಂತ್ರಗಳ ಕಣ್ಣು ತಪ್ಪಿಸಿ ಪಾಳು ಕಟ್ಟಡಗಳಲ್ಲಿ ತೆವಳಬೇಕು, ಚೂರುಪಾರು ಆರಿಸಿಕೊಳ್ಳಬೇಕು. ಅಂದರೆ ರ‍್ಯಾಂಬೋ ಆದಮೇಲೆ ಈ ತಂಡ ಏನೋ ಕಲಿತಿತ್ತು. ರೋಬೋಕಾಪ್ ಬರುವಾಗ ನಾವು ಯಾರೂ ಅದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ, ಅಷ್ಟೇ.

ನಿರೀಕ್ಷೆ ಕಡಿಮೆ ಇದ್ದರೆ ಮೊದಲ ಒಂದು ಗಂಟೆ ಸಂತೋಷ ಆಗುತ್ತದೆ. ಎಂಟು ಹತ್ತು ಗಂಟೆ ಯಾರನ್ನೂ ಕೂರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನೀವು ಮುಗಿಸಿದ್ದೀರಿ. ಹಾಗಾಗಿ ಒಳಗೆ ಏನೋ ಇದೆ ಅಂತಾಯಿತು. ಏನದು?

ಗೇಮ್ ಶುರುವಾದ ಹೊಸತರಲ್ಲಿ ಕೈಗೆ ಏನನ್ನಿಸಿತು, ನೆನಪಿಸಿಕೊಳ್ಳಿ. ಹೆಜ್ಜೆ ಇಟ್ಟರೆ ಧಪ್ ಧಪ್ ಸದ್ದು. ತಿರುಗುವುದೂ ಭಾರ. ಹಾರುವ ಬಟನ್ ಇಲ್ಲ. ಬಗ್ಗಿ ಕೂರುವ ಬಟನ್ ಇಲ್ಲ. ಗೋಡೆಗೆ ಒರಗಿ ಇಣುಕುವುದಿಲ್ಲ. ಇವತ್ತಿನ ಶೂಟರ್‌ಗಳಲ್ಲಿ, ಅಂದರೆ ಗುಂಡು ಹೊಡೆಯುವ ಗೇಮ್‌ಗಳಲ್ಲಿ, ನಾಯಕ ಜಾರುತ್ತಾನೆ, ಗೋಡೆ ಹತ್ತುತ್ತಾನೆ, ಗಾಳಿಯಲ್ಲೇ ಎರಡು ಸಲ ನೆಗೆಯುತ್ತಾನೆ. ಅಂಥ ಕಾಲದಲ್ಲಿ ಇಷ್ಟು ನಿಧಾನದ ನಾಯಕನನ್ನು ಕೊಟ್ಟರೆ ಸಾಮಾನ್ಯವಾಗಿ ಬೈಗುಳ ಗ್ಯಾರಂಟಿ. ಟೆಯೋನ್ ತಂಡ ಅದೇ ನಿಧಾನವನ್ನು ಆಟದ ಬೆನ್ನುಮೂಳೆ ಮಾಡಿಕೊಂಡಿತು. ಗುಂಡು ಬಂದರೆ ನಾವು ಅಡಗುವುದಿಲ್ಲ, ಯಾಕೆಂದರೆ ರೋಬೋಕಾಪ್ ಅಡಗುವವನಲ್ಲ. ಗುಂಡು ಎದೆಗೆ ಬಡಿದು ಟಣ್ ಅನ್ನುತ್ತದೆ, ನಾವು ನಡೆಯುತ್ತಲೇ ಇರುತ್ತೇವೆ. ಅಡಗುವವರು ಎದುರಿನವರು. ಅವರ ಕಣ್ಣಲ್ಲಿ ನಾವು ಏನು ಅನ್ನುವುದು ಕೈಬೆರಳಿಗೇ ಗೊತ್ತಾಗುತ್ತದೆ.

ಇದು ಸುಮ್ನೆ ಸ್ಪೀಡ್ ಕಡಿಮೆ ಮಾಡಿದರೆ ಆಗುವ ಕೆಲಸ ಅಲ್ಲ. ಒಂದನ್ನು ಬದಲಿಸಿದರೆ ಮಿಕ್ಕಿದ್ದೆಲ್ಲ ಅದಕ್ಕೆ ಹೊಂದಬೇಕು. ನಾಯಕ ನಿಧಾನ ಅಂದಮೇಲೆ ಕೋಣೆಗಳು ತೀರಾ ದೊಡ್ಡದಾಗಿರಬಾರದು, ನಡೆದು ನಡೆದೇ ಬೇಜಾರಾಗುತ್ತದೆ. ಶತ್ರುಗಳು ಸುತ್ತುಹಾಕಿ ಬೆನ್ನ ಹಿಂದೆ ಬರುವಷ್ಟು ಚುರುಕಾಗಿರಬಾರದು, ತಿರುಗುವಷ್ಟರಲ್ಲಿ ಆಟ ಮುಗಿದಿರುತ್ತದೆ. ಕೈಯಲ್ಲಿರುವ ಪಿಸ್ತೂಲಿಗೆ ನಾಯಕನ ತೂಕಕ್ಕೆ ತಕ್ಕ ಹೊಡೆತ ಇರಬೇಕು. ಆ ಪಿಸ್ತೂಲು, ಆಟೋ-9, ಸಿನಿಮಾದಲ್ಲಿ ಬೆರೆಟ್ಟಾ 93ಆರ್ ಅನ್ನುವ ನಿಜವಾದ ಪಿಸ್ತೂಲಿಗೆ ಉದ್ದ ನಳಿಕೆ ಜೋಡಿಸಿ ಮಾಡಿದ್ದು. ಗೇಮ್‌ನಲ್ಲಿ ಅದಕ್ಕೆ ಗುಂಡು ಖಾಲಿಯಾಗುವ ಚಿಂತೆಯೇ ಇಲ್ಲ, ಲೋಡ್ ಮಾಡುತ್ತಿದ್ದರೆ ಸಾಕು. ಬಿದ್ದವರ ಬಂದೂಕು ಎತ್ತಿಕೊಳ್ಳಬಹುದು, ಆದರೆ ನಾನಂತೂ ಎತ್ತಿಕೊಂಡಿದ್ದು ಕಡಿಮೆ. ಹತ್ತಿರ ಬಂದವನನ್ನು ಕುತ್ತಿಗೆ ಹಿಡಿದು ಎಸೆಯಬಹುದು. ಟಿವಿ, ಕುರ್ಚಿ, ಕೊನೆಗೆ ಮೋಟಾರ್‌ಬೈಕನ್ನೂ ಎತ್ತಿ ಬಿಸಾಕಬಹುದು. ವೇಗ ಕಿತ್ತುಕೊಂಡು ಅದರ ಬದಲಿಗೆ ತೂಕ ಕೊಟ್ಟರು. ಆ ಲೆಕ್ಕ ಸರಿಹೋಗಿದೆ.

ಗುಂಡಿನ ಕಾಳಗಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಈ ಗೇಮ್‌ನಲ್ಲಿ ಹಳೇ ಡೆಟ್ರಾಯಿಟ್ ಬೀದಿಯಲ್ಲಿ ತಪ್ಪಾಗಿ ನಿಲ್ಲಿಸಿದ ಕಾರುಗಳಿಗೆ ಪಾರ್ಕಿಂಗ್ ದಂಡದ ಚೀಟಿ ಬರೆಯುತ್ತೀರಿ. ಠಾಣೆಯಲ್ಲಿ ಕೂತು ಜನರ ದೂರು ಕೇಳುತ್ತೀರಿ. ಗೋಡೆ ಮೇಲೆ ಬಣ್ಣ ಬಳಿದ ಹುಡುಗ ಸಿಕ್ಕಿದರೆ ದಂಡ ಹಾಕಬಹುದು, ಬುದ್ಧಿ ಹೇಳಿ ಕಳಿಸಲೂಬಹುದು. ಕಾನೂನು ಎತ್ತಿಹಿಡಿಯಬೇಕು, ಜನರ ನಂಬಿಕೆ ಉಳಿಸಬೇಕು ಅನ್ನುವುದು ಎರಡೂ ರೋಬೋಕಾಪ್ ತಲೆಯೊಳಗೆ ಹಾಕಿರುವ ಆಜ್ಞೆಗಳೇ. ಸಿನಿಮಾದಲ್ಲಿ ಅವು ಒಟ್ಟಿಗೆ ಹೋಗುತ್ತವೆ. ಗೇಮ್‌ನಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ, ಆರಿಸುವವರು ನೀವು. ರೋಬೋಕಾಪ್‌ನನ್ನು ಮಾಡಿದ ಕಂಪನಿಯವರು ಕಳಿಸಿದ ಮನೋವೈದ್ಯೆಯ ಎದುರು ಕೂತು 'ನಾನು ಮನುಷ್ಯನಾ, ಯಂತ್ರವಾ' ಅನ್ನುವ ಪ್ರಶ್ನೆಗಳಿಗೆ ಉತ್ತರ ಕೊಡುವುದೂ ಉಂಟು.

ಐದು ನಿಮಿಷದ ಹಿಂದೆ ಇಪ್ಪತ್ತು ಜನರನ್ನು ಉರುಳಿಸಿ ಬಂದ ಕಬ್ಬಿಣದ ದೇಹ ಈಗ ಕಾರಿನ ಗಾಜಿಗೆ ಚೀಟಿ ಅಂಟಿಸುತ್ತಿದೆ. ನಗು ಬರುತ್ತದೆ, ಅಲ್ವಾ? ಪಾಲ್ ವರ್ಹೋವೆನ್ 1987ರಲ್ಲಿ ಮಾಡಿದ ಸಿನಿಮಾದ ನಗುವೂ ಇಂಥದ್ದೇ. ಅದು ಬರೀ ಗುಂಡಿನ ಸಿನಿಮಾ ಅಲ್ಲ. ಪೊಲೀಸ್ ಇಲಾಖೆಯನ್ನೇ ಗುತ್ತಿಗೆಗೆ ಹಿಡಿದ ಕಂಪನಿ, ಸಾವಿನ ಸುದ್ದಿಯನ್ನೂ ಹಲ್ಲುಕಿರಿದು ಓದುವ ಟಿವಿಯವರು, ನಡುವೆ ಬರುವ ಹುಚ್ಚು ಜಾಹೀರಾತುಗಳು, ಎಲ್ಲ ಸೇರಿದ ಗೇಲಿ ಅದು. ಸಿನಿಮಾದ ಆ ಸುದ್ದಿ ಕಾರ್ಯಕ್ರಮವನ್ನು ಗೇಮ್‌ನವರು ಹಾಗೇ ಇಟ್ಟುಕೊಂಡಿದ್ದಾರೆ. ಮೂಲ ನಟ ಪೀಟರ್ ವೆಲ್ಲರ್ ಅವರ ದನಿಯನ್ನೂ ತಂದರು. ಮೂರನೇ ಸಿನಿಮಾದಲ್ಲಿ ಇಲ್ಲದಿದ್ದವರು ಈ ಗೇಮ್‌ಗೆ ಬಂದಿದ್ದಾರೆ. ಭಾವ ಇಲ್ಲದ ಅದೇ ಒಣ ದನಿಯಲ್ಲಿ ಅವರು ಪಾರ್ಕಿಂಗ್ ನಿಯಮ ಹೇಳುವುದನ್ನು ಕೇಳಬೇಕು.

ಕಥೆ ನಡೆಯುವ ಕಾಲವನ್ನೂ ಗಮನಿಸಿ. 1990ರ ಎರಡನೇ ಸಿನಿಮಾಗೂ 1993ರ ಮೂರನೆಯದಕ್ಕೂ ನಡುವಿನ ಖಾಲಿ ಜಾಗದಲ್ಲಿ ಇದು ಬರುತ್ತದೆ. ನಾವು ನೋಡಿದ ದೃಶ್ಯವನ್ನು ಮತ್ತೆ ನಮ್ಮ ಕೈಯಲ್ಲಿ ಮಾಡಿಸುವ ಕೆಲಸ ಇಲ್ಲ. ಸಿನಿಮಾ ಗೇಮ್‌ಗಳು ಸಾಮಾನ್ಯವಾಗಿ ಬೀಳುವುದು ಅಲ್ಲೇ. ಕಥೆ ನಮಗೆ ಮೊದಲೇ ಗೊತ್ತು, ಆದರೂ ಅದೇ ದಾರಿಯಲ್ಲಿ ನಡೆಸುತ್ತಾರೆ. ಟೆಯೋನ್ ಸಿನಿಮಾದಿಂದ ತಗೊಂಡಿದ್ದು ಆ ಮೈಯನ್ನು, ಆ ಬೀದಿಯನ್ನು, ಆ ಗೇಲಿಯನ್ನು. ಈ ಸಾಲಿನಲ್ಲಿ ಗೆದ್ದ ಗೇಮ್‌ಗಳನ್ನೆಲ್ಲ ತೆಗೆದು ನೋಡಿ, ಹೆಚ್ಚುಕಮ್ಮಿ ಎಲ್ಲ ಕಡೆ ನಡೆದಿರುವುದು ಇದೇ.

ಸೋತವುಗಳ ಕಥೆ ಸಣ್ಣದು, ಸಮಯ ಇರಲಿಲ್ಲ ಅನ್ನುವುದು. ದೊಡ್ಡ ಉದಾಹರಣೆ, ಅದೇ ಹೆಸರಿನ ಸಿನಿಮಾದ ಮೇಲೆ ಬಂದ 1982ರ 'ಇ.ಟಿ.' ಗೇಮ್. ಅಟಾರಿ ಕಂಪನಿಗೆ ಕ್ರಿಸ್‌ಮಸ್ ಮಾರಾಟಕ್ಕೆ ಅದು ಬೇಕೇ ಬೇಕಿತ್ತು. ಹಕ್ಕಿನ ಮಾತುಕತೆ ಮುಗಿಯುವುದೇ ತಡವಾಯಿತು. ಹೋವರ್ಡ್ ಸ್ಕಾಟ್ ವಾರ್‌ಶಾ ಅನ್ನುವ ಒಬ್ಬ ಪ್ರೋಗ್ರಾಮರ್ ಕೈಗೆ ಸಿಕ್ಕಿದ್ದು ಐದು ವಾರ. ಆತ ದಡ್ಡನಲ್ಲ. ಅದೇ ವರ್ಷ ಅದೇ ಕಂಪನಿಗೆ 'ಯಾರ್ಸ್ ರಿವೆಂಜ್' ಅನ್ನುವ ಒಳ್ಳೆಯ ಗೇಮ್ ಕೊಟ್ಟಿದ್ದ. ಆದರೆ ಐದು ವಾರದಲ್ಲಿ ಆಗಿದ್ದು ಪದೇಪದೇ ಹಳ್ಳಕ್ಕೆ ಬೀಳುವ ಒಂದು ಬೊಂಬೆ. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು (ಗೇಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳು) ಬೇರೆ ಗೇಮ್‌ಗಳ ಜೊತೆ 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತರು. ಜನ ಇದನ್ನು ಕಟ್ಟುಕಥೆ ಅಂತಲೇ ಅಂದುಕೊಂಡಿದ್ದರು. 2014ರಲ್ಲಿ ಅಗೆದಾಗ ನಿಜಕ್ಕೂ ಸಿಕ್ಕವು.

ಆಮೇಲೂ ಬಹಳ ಕಾಲ ಇದೇ ಪದ್ಧತಿ ನಡೆಯಿತು. ಸಿನಿಮಾ ಬಿಡುಗಡೆ ದಿನ ಗೇಮ್ ಅಂಗಡಿಯಲ್ಲಿರಬೇಕು. ಸಿನಿಮಾ ತಡವಾದರೆ ಗೇಮ್‌ಗೆ ಅದೃಷ್ಟ, ಗೇಮ್ ತಡವಾದರೆ ಸಿನಿಮಾ ಕಾಯುವುದಿಲ್ಲ. ಶೂಟಿಂಗ್ ನಡೆಯುವಾಗಲೇ ಸ್ಕ್ರಿಪ್ಟ್ ಬದಲಾಗುತ್ತದೆ, ಗೇಮ್‌ನವರ ಕೈಯಲ್ಲಿ ಹಳೇ ಪ್ರತಿ ಇರುತ್ತದೆ. ಪ್ಲೇಸ್ಟೇಷನ್ 3 ಕಾಲಕ್ಕೆ ಒಂದು ದೊಡ್ಡ ಗೇಮ್ ಮಾಡಲು ಎರಡು ಮೂರು ವರ್ಷ ಹಿಡಿಯುವ ಹಾಗಾಯಿತು, ಲೆಕ್ಕ ಪೂರ್ತಿ ಕೈಕೊಟ್ಟಿತು. ಸಿನಿಮಾ ಗೇಮ್‌ಗಳನ್ನೇ ತರುತ್ತೇವೆ ಅಂತ 2007ರಲ್ಲಿ ಹುಟ್ಟಿದ ಬ್ರ್ಯಾಶ್ ಎಂಟರ್‌ಟೈನ್‌ಮೆಂಟ್ 2008ರಲ್ಲೇ ಬಾಗಿಲು ಹಾಕಿತು. ಈಗ ಬರುವ ಸಿನಿಮಾ ಗೇಮ್‌ಗಳು ಹೆಚ್ಚಾಗಿ ಹಳೇ ಸಿನಿಮಾಗಳ ಮೇಲೆ ಬರುತ್ತವೆ. ರೋಬೋಕಾಪ್‌ಗೆ ಯಾವ ಬಿಡುಗಡೆ ದಿನದ ಹಂಗೂ ಇರಲಿಲ್ಲ.

ಸಮಯ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಜೇಮ್ಸ್ ಬಾಂಡ್ ಸಿನಿಮಾದ ಮೇಲೆ ಬಂದ 'ಗೋಲ್ಡನ್ಐ 007' ಗೇಮ್ ನೋಡಬೇಕು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಸಿನಿಮಾ ಬಂದಿದ್ದು 1995ರ ನವೆಂಬರ್‌ನಲ್ಲಿ. ಗೇಮ್ ಬಂದಿದ್ದು 1997ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮುಂದಿನ ಬಾಂಡ್ ಸಿನಿಮಾ ಬರುವ ಹೊತ್ತಾಗಿತ್ತು. ಇಂಗ್ಲೆಂಡಿನ ಟ್ವೈಕ್ರಾಸ್ ಅನ್ನುವ ಹಳ್ಳಿಯಲ್ಲಿದ್ದ ರೇರ್ ಸ್ಟುಡಿಯೋ ಅದನ್ನು ಮಾಡಿದ್ದು. ಮಾರ್ಟಿನ್ ಹಾಲಿಸ್ ಮುಂದಾಳು, ಜೊತೆಗೆ ಹತ್ತು ಜನರಷ್ಟು ತಂಡ. ಅವರಲ್ಲಿ ಹೆಚ್ಚಿನವರಿಗೆ ಅದೇ ಮೊದಲ ಗೇಮ್. ಮೊದಲ ಯೋಚನೆ ಹಳೇ ನಿಂಟೆಂಡೋ ಗೇಮ್ ಯಂತ್ರಕ್ಕೆ ಪಕ್ಕಕ್ಕೆ ಓಡುವ ಚಪ್ಪಟೆ ಗೇಮ್ ಮಾಡುವುದು. ಹಾಲಿಸ್ ಬರಲಿದ್ದ ಹೊಸ ನಿಂಟೆಂಡೋ ಯಂತ್ರಕ್ಕೇ ಮಾಡೋಣ ಅಂದರು. ಆಮೇಲೆ ಕ್ಯಾಮೆರಾ ತಾನೇ ಸಾಗುವ ಶೂಟರ್ ಅಂತ ಶುರುವಾಯಿತು, ರ‍್ಯಾಂಬೋ ಥರದ್ದೇ. ಸೆಗಾದ 'ವರ್ಚುವಾ ಕಾಪ್' ಆಗ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಹೆಸರು ಮಾಡಿತ್ತು, ಅದರ ಪ್ರಭಾವ. ಕೊನೆಗೆ ಕ್ಯಾಮೆರಾವನ್ನು ಬಿಟ್ಟುಕೊಟ್ಟು ಆಟಗಾರ ತಾನೇ ನಡೆಯುವ ಹಾಗೆ ಮಾಡಿದರು. ಆದರೆ ವರ್ಚುವಾ ಕಾಪ್‌ನಿಂದ ಒಂದು ಒಳ್ಳೇ ವಿಷಯ ಉಳಿಸಿಕೊಂಡರು. ಗುಂಡು ಕಾಲಿಗೆ ಬಿದ್ದರೆ ಶತ್ರು ಕಾಲು ಹಿಡಿಯುತ್ತಾನೆ, ಕೈಗೆ ಬಿದ್ದರೆ ಕೈ. ಆ ಕಾಲಕ್ಕೆ ಇದು ಕಣ್ಣರಳಿಸುವ ಸಂಗತಿ.

ಯಂತ್ರವೇ ಇನ್ನೂ ತಯಾರಾಗಿರಲಿಲ್ಲ. ಅದು ಹೀಗಿರಬಹುದು ಅಂತ ಅಂದಾಜಿನ ಮೇಲೆ ಬೇರೆ ಕಂಪ್ಯೂಟರ್‌ಗಳಲ್ಲಿ ಕೆಲಸ ನಡೆಯಿತು. ಆಡಿ ನೋಡಲು ಸೆಗಾ ಸ್ಯಾಟರ್ನ್ ಯಂತ್ರದ ಕಂಟ್ರೋಲರನ್ನೇ ಮಾರ್ಪಾಟು ಮಾಡಿ ಬಳಸಿಕೊಂಡರು. ಎದುರಾಳಿ ಕಂಪನಿಯ ಕಂಟ್ರೋಲರ್ ಹಿಡಿದು ನಿಂಟೆಂಡೋ ಗೇಮ್ ಮಾಡಿದ ಹಾಗಾಯಿತು!

ಹಾಲಿಸ್ ಮುಂದೆ ತಮ್ಮ ಕೆಲಸದ ರೀತಿ ವಿವರಿಸಿದ್ದಾರೆ. ತಂಡದವರು ಸಿನಿಮಾ ಸೆಟ್‌ಗಳಿಗೆ ಹೋಗಿ ಫೋಟೋ ತೆಗೆದರು, ನಕ್ಷೆ ತಂದರು. ಅದನ್ನು ನೋಡಿ ಕಟ್ಟಡಗಳನ್ನು ಮೊದಲು ಕಟ್ಟಿಬಿಟ್ಟರು, ಆಟದ ಯೋಚನೆಯೇ ಇಲ್ಲದೆ. ಆಟಗಾರ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಹೊರಗೆ ಹೋಗಬೇಕು, ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನೆಲ್ಲ ಆಮೇಲೆ ಇಟ್ಟರು. ಹಾಗಾಗಿ ಕೆಲಸಕ್ಕೆ ಬಾರದ ಕೋಣೆಗಳೂ ಉಳಿದವು. ನಿಜವಾದ ಕಟ್ಟಡದಲ್ಲಿ ಹಾಗೇ ತಾನೆ ಇರುವುದು? ಆಟಗಾರನಿಗೆ ಇದು ಯಾರೋ ನನಗಾಗಿ ಹಾಕಿದ ದಾರಿ ಅನ್ನಿಸಲಿಲ್ಲ, ತಾನು ನುಸುಳಿ ಬಂದ ಜಾಗ ಅನ್ನಿಸಿತು. ಗೂಢಚಾರನಿಗೆ ಬೇಕಾದ್ದು ಅದೇ. ಕಷ್ಟದ ಮಟ್ಟ ಏರಿಸಿದರೆ ಮಾಡಬೇಕಾದ ಕೆಲಸಗಳೂ ಹೆಚ್ಚುತ್ತಿದ್ದವು. ಮೊದಲ ಸಲ ಸುಮ್ನೆ ದಾಟಿದ ಕೋಣೆಗೆ ಮೂರನೇ ಸಲ ಕೆಲಸ ಇರುತ್ತಿತ್ತು.

ನಾಲ್ಕು ಜನ ಒಂದೇ ಟಿವಿ ಮುಂದೆ ಕೂತು ಒಬ್ಬರಿಗೊಬ್ಬರು ಗುಂಡು ಹೊಡೆಯುವ ಭಾಗಕ್ಕೇ ಈ ಗೇಮ್ ಜಗತ್ತಿನಲ್ಲೆಲ್ಲ ಹೆಸರಾಯಿತು. ಅದು ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ ಸ್ಟೀವ್ ಎಲ್ಲಿಸ್ ಅನ್ನುವ ಪ್ರೋಗ್ರಾಮರ್ ಸೇರಿಸಿದ್ದು. ಸಿನಿಮಾ ಜೊತೆಗೇ ಗೇಮ್ ಬರಲೇಬೇಕು ಅಂತ ಯಾರಾದರೂ ಹಟ ಹಿಡಿದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಗೇಮ್ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2023ರಲ್ಲಿ ಎಕ್ಸ್‌ಬಾಕ್ಸ್ ಮತ್ತು ಸ್ವಿಚ್ ಅನ್ನುವ ಗೇಮ್ ಯಂತ್ರಗಳಿಗೆ ಮತ್ತೆ ಬಂದಿದೆ. ಈಗ ಆಡಿದರೆ ಗುರಿ ಹಿಡಿಯುವುದು ತೊಡಕು ಅನ್ನಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಗೆಳೆಯರು ಮತ್ತೆ ನಕ್ಕರೆ ಒಂದು ಪರೀಕ್ಷೆ ಇದೆ. ಗೇಮ್ ಮೇಲಿನ ಸಿನಿಮಾ ಹೆಸರು ತೆಗೆದುಬಿಡಿ. ಆಗಲೂ ನಿಲ್ಲುತ್ತದಾ? ಗೋಲ್ಡನ್ಐ ನಿಲ್ಲುತ್ತದೆ. ರೇರ್ ಮುಂದಿನ ಬಾಂಡ್ ಗೇಮ್ ಬೇಡ ಅಂದು ಅದೇ ತಳಹದಿಯ ಮೇಲೆ 2000ದಲ್ಲಿ ತನ್ನದೇ ಕಥೆಯ 'ಪರ್ಫೆಕ್ಟ್ ಡಾರ್ಕ್' ತಂದಿತು, ಅದನ್ನೂ ಜನ ಹೊತ್ತು ಮೆರೆಸಿದರು. ರೋಬೋಕಾಪ್ ನಿಲ್ಲುವುದಿಲ್ಲ. ಹೆಸರಿಲ್ಲದ ಯಾವನೋ ಕಬ್ಬಿಣದ ಮನುಷ್ಯ ಇಷ್ಟು ನಿಧಾನ ನಡೆದರೆ ಅರ್ಧ ಗಂಟೆಯಲ್ಲಿ ಮುಚ್ಚಿಡುತ್ತೇವೆ. ಆ ನಿಧಾನಕ್ಕೆ ಅರ್ಥ ಬರುವುದು ಸಿನಿಮಾ ನಮ್ಮ ತಲೆಯಲ್ಲಿ ಇರುವುದರಿಂದ. ಇದನ್ನು ಕೊರತೆ ಅಂತ ಗೆಳೆಯರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಸಿನಿಮಾ ಹೆಸರಿಗೆ ದುಡ್ಡು ಕೊಟ್ಟು ಹಕ್ಕು ತಗೊಂಡಮೇಲೆ, ಆ ಹೆಸರಿನಿಂದಲೇ ಆಗುವ ಕೆಲಸ ಮಾಡಿಸಿಕೊಂಡಿದ್ದು ಜಾಣತನ. ಹಳೇ ನೆನಪು ಕೆಲಸ ಮಾಡಿದೆ, ನಿಜ. ಆದರೆ ಬರೀ ನೆನಪೇ ಸಾಕಾಗಿದ್ದರೆ ರ‍್ಯಾಂಬೋ ಗೇಮ್ ಕೂಡ ಗೆಲ್ಲಬೇಕಿತ್ತಲ್ಲ.

ಕೊರತೆ ಇಲ್ಲ ಅಂತಲ್ಲ. ಮಾತಾಡುವಾಗ ಮುಖಗಳು ಬೊಂಬೆಯ ಹಾಗೆ ಬಿಗಿಯಾಗಿವೆ. ಶತ್ರುಗಳು ಒಂದೇ ಮೂರ್ಖತನವನ್ನು ಹತ್ತು ಸಲ ಮಾಡುತ್ತಾರೆ. ಕೊನೆಯ ಹೊತ್ತಿಗೆ ಬೀದಿ ಕೆಲಸ ಕಡಿಮೆಯಾಗಿ ಬರೀ ಗುಂಡಿನ ಗಲಾಟೆ ಜಾಸ್ತಿಯಾಗುತ್ತದೆ. ದುಡ್ಡು ಎಲ್ಲಿ ಕಡಿಮೆ ಬಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಇನ್ನು ಬೇರೆ ಗೇಮ್‌ಗಳು. 2004 ಈ ವಿಷಯದಲ್ಲಿ ವಿಚಿತ್ರ ವರ್ಷ. ಸಿನಿಮಾ ದಿನಕ್ಕೆ ಕಟ್ಟುಬಿದ್ದೂ ಗೆದ್ದ ಎರಡು ಗೇಮ್ ಅದೇ ಬೇಸಿಗೆಯಲ್ಲಿ ಬಂದವು.

ಒಂದು 'ಸ್ಪೈಡರ್-ಮ್ಯಾನ್ 2', ಟ್ರೆಯಾರ್ಕ್ ಸ್ಟುಡಿಯೋದ್ದು. ಇದೇ ಸ್ಟುಡಿಯೋದ 2002ರ ಗೇಮ್‌ನಲ್ಲಿ ಜೇಡರ ಎಳೆ ಆಕಾಶಕ್ಕೇ ಅಂಟಿಕೊಳ್ಳುತ್ತಿತ್ತು. ಮೇಲೆ ಏನೂ ಇಲ್ಲ, ಆದರೂ ಹುಡುಗ ತೂಗಾಡುತ್ತಿದ್ದ! ಜೇಮಿ ಫ್ರಿಸ್ಟ್ರಾಮ್ ಅನ್ನುವ ಪ್ರೋಗ್ರಾಮರ್‌ಗೆ ಅದು ಸರಿ ಕಾಣಲಿಲ್ಲ. ಎಳೆ ನಿಜವಾದ ಕಟ್ಟಡಕ್ಕೇ ಅಂಟಬೇಕು, ತೂಗುವಾಗ ವೇಗ ಕೂಡಬೇಕು, ಸರಿಯಾದ ಹೊತ್ತಿಗೆ ಕೈಬಿಟ್ಟರೆ ಆ ವೇಗದಲ್ಲೇ ಮೇಲಕ್ಕೆ ಚಿಮ್ಮಬೇಕು ಅಂತ ಮಾದರಿ ಮಾಡಿ ತೋರಿಸಿದರು. ಇಡೀ ಗೇಮ್ ಅದರ ಮೇಲೆ ನಿಂತಿತು. ಕಥೆ ಯಾರಿಗೂ ನೆನಪಿಲ್ಲ, ತೂಗಾಟ ಎಲ್ಲರಿಗೂ ನೆನಪಿದೆ. ಒಂದು ಎಚ್ಚರಿಕೆ: ಇದೇ ಹೆಸರಲ್ಲಿ ಕಂಪ್ಯೂಟರ್‌ಗೆ ಬಂದದ್ದು ಬೇರೆಯವರು ಮಾಡಿದ ಬೇರೆಯೇ ಗೇಮ್, ಸಪ್ಪೆ. ನಮ್ಮಲ್ಲಿ ಬಹಳ ಹುಡುಗರು ಆಡಿದ್ದು ಅದನ್ನೇ, ಪಾಪ. ಅವರಿಗೆ ಈ ಹೊಗಳಿಕೆ ಅರ್ಥವೇ ಆಗುವುದಿಲ್ಲ.

ಇನ್ನೊಂದು 'ದಿ ಕ್ರಾನಿಕಲ್ಸ್ ಆಫ್ ರಿಡಿಕ್: ಎಸ್ಕೇಪ್ ಫ್ರಮ್ ಬುಚರ್ ಬೇ'. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಮಾಡಿದ್ದು, ನಟ ವಿನ್ ಡೀಸೆಲ್ ಅವರ ಸ್ವಂತ ಗೇಮ್ ಕಂಪನಿಯೂ ಜೊತೆಗಿತ್ತು. ಸಿನಿಮಾಗಿಂತ ಕೆಲವು ದಿನ ಮೊದಲೇ ಬಂತು. ಸಿನಿಮಾ ನೆಲಕಚ್ಚಿತು, ಗೇಮ್ ತಲೆ ಎತ್ತಿತು. ಯಾಕೆಂದರೆ ಅವರು ಸಿನಿಮಾದ ಕಥೆ ಮುಟ್ಟಲೇ ಇಲ್ಲ. ಅದಕ್ಕೂ ಹಿಂದೆ ಸಿನಿಮಾದ ನಾಯಕ ರಿಡಿಕ್ ಒಂದು ಜೈಲಿನಿಂದ ತಪ್ಪಿಸಿಕೊಂಡ ಕಥೆ ಮಾಡಿದರು. ಕಥೆ ತಮ್ಮದೇ ಆದ್ದರಿಂದ ಸ್ಕ್ರಿಪ್ಟ್ ಬದಲಾದರೂ ತೊಂದರೆ ಇಲ್ಲ. ತೆರೆಯ ಮೇಲೆ ಅಂಕಿ, ಬಾಣ, ನಕ್ಷೆ ಹೆಚ್ಚೇನೂ ಕಾಣಿಸುವುದಿಲ್ಲ. ಕತ್ತಲೇ ಆಯುಧ. ಕೈದಿಗಳ ಜೊತೆ ಮಾತಾಡಬೇಕು, ಚಾಕು ಸಂಪಾದಿಸಬೇಕು, ಬರಿಗೈಲಿ ಹೊಡೆದಾಡಬೇಕು. ಆ ತಂಡದ ಮುಖ್ಯರು ಮುಂದೆ ಹೊರಬಂದು 2009ರಲ್ಲಿ ಮಷೀನ್‌ಗೇಮ್ಸ್ ಕಟ್ಟಿದರು. 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್' ಆ ಸ್ಟುಡಿಯೋದ್ದೇ. ಇಪ್ಪತ್ತು ವರ್ಷದ ನಂತರವೂ ಅದೇ ಜಾಣ್ಮೆ. ನಾಯಕ ಇಂಡಿಯಾನಾ ಬಂದೂಕಿಗಿಂತ ಮುಷ್ಟಿ, ಚಾಟಿ, ಕೈಗೆ ಸಿಕ್ಕ ಬಾಣಲೆ ಬಳಸುವುದು ಜಾಸ್ತಿ. ನಿಮ್ಮ ಕಂಪ್ಯೂಟರ್ ಹೊಸದಾಗಿದ್ದರೆ ಮುಂದಿನ ಗೇಮ್ ಇದೇ ಆಗಲಿ.

ಈ ಸ್ಟಾರ್‌ಬ್ರೀಜ್‌ಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆ್ಯಕ್ಟಿವ್, ನಮ್ಮ ದೇಶದ ಮೊದಮೊದಲ ಗೇಮ್ ಸ್ಟುಡಿಯೋ. ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಾರು, ಕಟ್ಟಡ, ಬಂದೂಕುಗಳನ್ನು ಮಾಡಿಕೊಡುತ್ತಿತ್ತು. ಅದರ ಹೆಚ್ಚಿನ ಪಾಲನ್ನು ಸ್ಟಾರ್‌ಬ್ರೀಜ್ ಕೊಂಡುಕೊಳ್ಳುವ ಒಪ್ಪಂದ 2016ರ ಕೊನೆಗೆ ಆಯಿತು. ಸ್ಟಾರ್‌ಬ್ರೀಜ್ ಸಾಲದಲ್ಲಿ ಮುಳುಗಿದಾಗ 2019ರಲ್ಲಿ ಧ್ರುವ ರಾಕ್‌ಸ್ಟಾರ್ ಅನ್ನುವ ದೊಡ್ಡ ಗೇಮ್ ಕಂಪನಿಯ ಕೈಗೆ ಹೋಯಿತು. ರಿಡಿಕ್ ಮಾಡಿದವರು ಅಷ್ಟರಲ್ಲಿ ಸ್ಟಾರ್‌ಬ್ರೀಜ್ ಬಿಟ್ಟು ಬಹಳ ವರ್ಷವಾಗಿತ್ತು ಅನ್ನಿ.

2014ರ 'ಏಲಿಯನ್: ಐಸೋಲೇಷನ್' ಹೆಸರು ಬಿಡುವ ಹಾಗಿಲ್ಲ. ಅದರ ಹಿಂದಿನ ವರ್ಷವೇ ಅದೇ ಸಿನಿಮಾ ಸಾಲಿನ ಮೇಲೆ ಬಂದ ಗೇಮ್ ಒಂದು ಹೆಸರು ಕೆಡಿಸಿಕೊಂಡಿತ್ತು. ಇದನ್ನು ಮಾಡಿದ ಕ್ರಿಯೇಟಿವ್ ಅಸೆಂಬ್ಲಿ ಅದುವರೆಗೆ ಹೆಸರು ಮಾಡಿದ್ದು ಸಾವಿರಾರು ಸೈನಿಕರ ಯುದ್ಧದ ಗೇಮ್‌ಗಳಿಗೆ. ಹಾಗಾಗಿ ಇಲ್ಲೂ ನಿರೀಕ್ಷೆ ಅಷ್ಟಕ್ಕಷ್ಟೆ. ಇಡೀ ಗೇಮ್‌ಗೆ ಮುಖ್ಯ ವೈರಿ ಸಿನಿಮಾದಲ್ಲಿದ್ದಂಥ ಒಂದೇ ಅನ್ಯಗ್ರಹದ ಪ್ರಾಣಿ. ಅದನ್ನು ಕೊಲ್ಲಲಾಗುವುದಿಲ್ಲ. ಅದಕ್ಕೆ ಎರಡು ಬುದ್ಧಿ ಇಟ್ಟಿದ್ದಾರೆ. ಒಂದು ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಬಲ್ಲದು, ಆದರೆ ಪ್ರಾಣಿಗೆ ಸುಳಿವು ಮಾತ್ರ ಕೊಡುತ್ತದೆ. ಇನ್ನೊಂದು ಪ್ರಾಣಿಯದೇ ಬುದ್ಧಿ. ಅದು ಕಣ್ಣು ಕಿವಿ ನಂಬಿ ಹುಡುಕಬೇಕು. ಹಾಗಾಗಿ ಅದು ಮೋಸ ಮಾಡಿತು ಅನ್ನಿಸುವುದಿಲ್ಲ, ಆದರೂ ಹತ್ತಿರದಲ್ಲೇ ಇರುತ್ತದೆ. 1979ರ ಸಿನಿಮಾದ ಕಂಪ್ಯೂಟರ್ ತೆರೆಗಳ ಕಳೆ ಬರಲಿ ಅಂತ ಚಿತ್ರಗಳನ್ನು ವಿಎಚ್‌ಎಸ್ ಅನ್ನುವ ಹಳೇ ವಿಡಿಯೋ ಟೇಪಿಗೆ ಹಾಕಿ, ಕೆಡಿಸಿ, ಮತ್ತೆ ತೆಗೆದುಕೊಂಡರಂತೆ. 2021ರ ಕೊನೆಗೆ ಮೊಬೈಲ್‌ಗೂ ಬಂದಿದೆ. ರಾತ್ರಿ ಹೆಡ್‌ಫೋನ್ ಹಾಕಿ ಆಡಿ. ಎದೆ ಗಟ್ಟಿ ಇದ್ದರೆ ಮಾತ್ರ.

ದುಡ್ಡು ಹಾಕುವ ಮೊದಲು ನಾನು ನೋಡುವುದು ಇಷ್ಟು. ಸಿನಿಮಾ ಬಿಡುಗಡೆಯ ವಾರವೇ ಗೇಮ್ ಬರುತ್ತಿದ್ದರೆ ಕಾಯುತ್ತೇನೆ. ಟ್ರೇಲರ್‌ನಲ್ಲಿ ಸಿನಿಮಾದ ದೃಶ್ಯಗಳೇ ತುಂಬಿದ್ದರೆ ದೂರ ಇರುತ್ತೇನೆ. ಯಾರಾದರೂ ಮಾತಿಲ್ಲದೆ ಆಡಿ ಹಾಕಿದ ಹತ್ತು ನಿಮಿಷದ ವಿಡಿಯೋ ಹುಡುಕಿ, ದನಿ ತೆಗೆದು ನೋಡುತ್ತೇನೆ. ಹಾಡು, ಮಾತು ಏನೂ ಇಲ್ಲದೆಯೂ ನಡಿಗೆಯಲ್ಲೇ ಆ ಪಾತ್ರ ಗುರುತು ಸಿಕ್ಕರೆ ತಗೊಳ್ಳಬಹುದು. ರೋಬೋಕಾಪ್‌ನಲ್ಲಿ ಸಿಗುತ್ತದೆ.

ಕೊನೆಯದಾಗಿ 'ಅನ್‌ಫಿನಿಶ್ಡ್ ಬಿಸಿನೆಸ್'. 2025ರ ಜುಲೈನಲ್ಲಿ ಬಂತು. ರೋಗ್ ಸಿಟಿ ನಂತರದ ಕಥೆ. ಕಂಪನಿಯ ಒಂದು ಗೋಪುರವನ್ನು ಬಾಡಿಗೆ ಸೈನಿಕರು ಹಿಡಿದಿದ್ದಾರೆ, ನೀವು ಅಂತಸ್ತು ಅಂತಸ್ತಾಗಿ ಹತ್ತಬೇಕು. ಕಬ್ಬಿಣದ ಮೈ ಬರುವ ಮೊದಲಿನ ಅಲೆಕ್ಸ್ ಮರ್ಫಿಯಾಗಿ ಆಡುವ ಭಾಗವೂ ಇದೆ, ಅದು ಚೆನ್ನಾಗಿದೆ. ಆದರೆ ಗೋಪುರ ಅಂದಮೇಲೆ ಬೀದಿ ಇಲ್ಲ, ಠಾಣೆ ಕೆಲಸ ಕಡಿಮೆ, ಕಾಳಗ ಜಾಸ್ತಿ. ನಿಮಗೆ ಆಟೋ-9 ಸದ್ದು ಇಷ್ಟವಾಗಿದ್ದರೆ ಈಗಲೇ ತಗೊಳ್ಳಿ. ನನ್ನ ಹಾಗೆ ದಂಡದ ಚೀಟಿ ಹರಿಯುವುದು ಇಷ್ಟವಾಗಿದ್ದರೆ ಮುಂದಿನ ಸೇಲ್‌ವರೆಗೆ ಕಾಯಿರಿ. ಅದು ತನ್ನಷ್ಟಕ್ಕೆ ನಡೆಯುವ ಬೇರೆ ಗೇಮ್. ಡಿಸ್ಕ್‌ನಲ್ಲಿ ಜಾಗ ಸಾಲದಿದ್ದರೆ ರೋಗ್ ಸಿಟಿಯನ್ನು ತೆಗೆದುಹಾಕಿದರೂ ತೊಂದರೆ ಇಲ್ಲ.